ಬೆಂಗಳೂರಿನಿಂದ ಐದು ದಿನಗಳ ಹಕ್ಕಿ ಪ್ರವಾಸ: ಸಫಾರಿ ಲಾಡ್ಜ್ ಎಷ್ಟು, ಕೆರೆಯ ದಂಡೆ ಎಷ್ಟು?

ಪ್ರಶ್ನೆ: ಬಸವನಗುಡಿವಾಸಿ

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿಯ ರಜೆಗೆ ಒಂದೆರಡು ದಿನ ಸೇರಿಸಿಕೊಂಡು, ಐದು ದಿನಗಳ ಮಟ್ಟಿಗೆ ನಮ್ಮದೇ ಕಾರಿನಲ್ಲಿ ಹಕ್ಕಿ ನೋಡಲು ಹೊರಡಬೇಕೆಂದಿದ್ದೇವೆ. ನಾವು ನಾಲ್ವರು: ನಾನು, ನನ್ನ ಪತ್ನಿ, ಎಪ್ಪತ್ತೆರಡು ವರ್ಷದ ನಮ್ಮ ತಂದೆಯವರು ಮತ್ತು ಹನ್ನೊಂದು ವರ್ಷದ ಮಗಳು. ಈ ಹುಚ್ಚು ಮೊದಲು ಹಿಡಿದದ್ದು ಮಗಳಿಗೆ, ಅದೂ ಲಾಲ್‌ಬಾಗ್ ಕೆರೆಯ ಏರಿಯ ಮೇಲೆ ಹಾವಕ್ಕಿಯೊಂದು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದ್ದುದನ್ನು ನೋಡಿದ ದಿನ. ತಂದೆಯವರಿಗೆ ಮೊಣಕಾಲು ನೋವಿರುವುದರಿಂದ ಒಂದು ಕಿಲೋಮೀಟರಿಗಿಂತ ಹೆಚ್ಚು ನಡೆಯಲಾರರು. ಆದರೆ ಕಿವಿ ಮಾತ್ರ ಇಂದಿಗೂ ಚುರುಕಾಗಿದ್ದು, ನಾವು ಕಣ್ಣಿನಿಂದ ಹುಡುಕುವಷ್ಟರಲ್ಲಿ ಅವರು ಕೂಗಿನಿಂದಲೇ ಹಕ್ಕಿಯನ್ನು ಗುರುತಿಸಿರುತ್ತಾರೆ.

ನಾವು ಹಾಕಿಕೊಂಡಿರುವ ಯೋಜನೆ ಹೀಗಿದೆ. ಮೊದಲ ದಿನ ಕೊಕ್ಕರೆ ಬೆಳ್ಳೂರು ಮತ್ತು ರಂಗನತಿಟ್ಟು ನೋಡಿ ಮೈಸೂರಿನಲ್ಲಿ ತಂಗುವುದು, ಎರಡನೆಯ ದಿನ ಕಬಿನಿ, ಮೂರನೆಯ ದಿನ ಬಂಡೀಪುರ, ನಾಲ್ಕನೆಯ ದಿನ ಬಿಳಿಗಿರಿರಂಗನ ಬೆಟ್ಟ, ಐದನೆಯ ದಿನ ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ಹಾದಿಯಾಗಿ ಬೆಂಗಳೂರಿಗೆ ಮರಳುವುದು. ಕಬಿನಿ, ಬಂಡೀಪುರ ಮತ್ತು ಬೆಟ್ಟ, ಈ ಮೂರು ಕಡೆಯೂ ಸಫಾರಿ ಸೇರಿರುವ ಲಾಡ್ಜ್‌ಗಳಲ್ಲಿ ಉಳಿಯುವ ಯೋಚನೆಯಿದೆ. ನಾಲ್ವರಿಗೆ ತಗಲುವ ವೆಚ್ಚವನ್ನು ಕೂಡಿ ನೋಡಿದಾಗ ಎದೆ ಸ್ವಲ್ಪ ಧಸಕ್ಕೆಂದಿತು. ಹುಲಿ ಕಾಣಲೇಬೇಕೆಂಬ ಹಟ ನಮಗಾರಿಗೂ ಇಲ್ಲ. ಹಕ್ಕಿಗಳ ಮಟ್ಟಿಗೆ ಇಷ್ಟು ಖರ್ಚು ಸಾರ್ಥಕವೇ? ಇದೇ ಹಾದಿಯಲ್ಲಿ ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೆರೆಏರಿ

ತಮ್ಮ ಯೋಜನೆಯನ್ನು ಓದುತ್ತಿದ್ದಂತೆ, ಎಂಟು ವರ್ಷಗಳ ಹಿಂದೆ ನಾನೇ ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಮತ್ತೊಮ್ಮೆ ಕೈಯಲ್ಲಿ ಹಿಡಿದಂತಾಯಿತು. ಆ ಪ್ರವಾಸದಲ್ಲಿ ನಾನು ನೋಡಿದ್ದರಲ್ಲಿ ಹೆಚ್ಚಿನ ಪಾಲು ಟಾರು ರಸ್ತೆಯೇ ಆಗಿತ್ತು. ದಿನಕ್ಕೊಂದು ಊರು ಬದಲಿಸಿದರೆ, ಹಕ್ಕಿಗಳು ಚಟುವಟಿಕೆಯಿಂದಿರುವ ಬೆಳಗಿನ ಆರೂವರೆಯಿಂದ ಒಂಬತ್ತೂವರೆಯ ಹೊತ್ತು ಸಾಮಾನು ಕಟ್ಟುವುದರಲ್ಲಿ, ತಿಂಡಿಗೆ ಕಾಯುವುದರಲ್ಲಿ, ಲೆಕ್ಕ ಚುಕ್ತಾ ಮಾಡುವುದರಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ ಮೂರು ಕಾಡುಗಳಲ್ಲಿ ಒಂದನ್ನು ಬಿಟ್ಟುಬಿಡಿ ಎಂಬುದು. ಬಿಡುವುದಾದರೆ ಬಂಡೀಪುರವನ್ನು ಬಿಡಿ.

ಕಾರಣವನ್ನೂ ಹೇಳುತ್ತೇನೆ. ಹುಲಿ ಯೋಜನೆಯ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದಾಗಿದ್ದು, ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹುಲಿಗಾಗಿಯೇ ಬರುತ್ತಾರೆ. ಚಾಲಕರೂ ಅದಕ್ಕೆ ತಕ್ಕಂತೆ ವಾಹನ ಓಡಿಸುತ್ತಾರೆ. ನಾನು ಹೋಗಿದ್ದ ಸಫಾರಿಯೊಂದರಲ್ಲಿ, ಕಾಡು ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ನೀರಿನ ಗುಂಡಿಯ ಪಕ್ಕದ ಬಾಗಿದ ಕೊಂಬೆಯ ಮೇಲೆ ಮೀನುಗೂಬೆಯೊಂದು ಹಾಡಹಗಲಲ್ಲೇ ಕುಳಿತಿತ್ತು. ದುರ್ಬೀನನ್ನು ಕಣ್ಣಿಗೆ ಹಿಡಿಯುವಷ್ಟರಲ್ಲಿ ಎದುರಿನಿಂದ ಬಂದ ಜೀಪಿನವರು ಏನೋ ಸನ್ನೆ ಮಾಡಿದರು, ನಮ್ಮ ಚಾಲಕ ಗೇರು ಬದಲಿಸಿದ. ಮುಂದಿನ ಮುಕ್ಕಾಲು ಗಂಟೆಯನ್ನು ಏಳು ವಾಹನಗಳ ಸಾಲಿನಲ್ಲಿ, ಪೊದೆಯ ಹಿಂದೆ ಮಲಗಿದ್ದ ಹುಲಿಯ ಕಿವಿ ನೋಡುತ್ತ ಕಳೆದೆವು. ಚಾಲಕನ ತಪ್ಪೇನೂ ಇರಲಿಲ್ಲ. ಗಾಡಿಯಲ್ಲಿದ್ದ ಮಿಕ್ಕ ಆರು ಮಂದಿಗೆ ಬೇಕಾದದ್ದೇ ಆ ಕಿವಿ. ಸಫಾರಿಯಲ್ಲಿ ವಾಹನದಿಂದ ಇಳಿಯುವಂತಿಲ್ಲ, ಬೇಕಾದಲ್ಲಿ ನಿಲ್ಲಿಸುವುದೂ ನಮ್ಮ ಕೈಯಲ್ಲಿಲ್ಲ. ಒಂದು ಮರದ ಕೆಳಗೆ ಅರ್ಧ ಗಂಟೆ ಸುಮ್ಮನೆ ನಿಲ್ಲುವುದೇ ಹಕ್ಕಿ ನೋಡುವ ಕೆಲಸದ ಮುಕ್ಕಾಲು ಪಾಲು ಎಂಬುದನ್ನು ನೆನೆದರೆ, ಇದು ಸಣ್ಣ ಕೊರತೆಯಲ್ಲ.

ಮೊದಲ ದಿನದ ವಿಚಾರದಲ್ಲಿ ತಮ್ಮ ಆಯ್ಕೆ ಸರಿಯಾಗಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಜನವರಿಯೆಂದರೆ ಕಡ್ಡಿ ಹೊರುವ, ಜಾಗಕ್ಕಾಗಿ ಜಗಳವಾಡುವ ಕಾಲ. ಅಲ್ಲಿನವರು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸುತ್ತಾರೆ, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ತಂದೆಯವರು ಯಾರದಾದರೂ ಮನೆಯ ಜಗಲಿಯ ಮೇಲೆ ಕುಳಿತು, ತಲೆಯೆತ್ತಿದರೆ ಸಾಕು. ಚನ್ನಪಟ್ಟಣ ದಾಟುತ್ತಲೇ ಎಕ್ಸ್‌ಪ್ರೆಸ್ ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿದುಕೊಳ್ಳಿ, ಇಲ್ಲದಿದ್ದರೆ ರುದ್ರಾಕ್ಷಿಪುರದ ತಿರುವು ತಪ್ಪಿ ಮದ್ದೂರಿನಿಂದ ಹಿಂದಿರುಗಬೇಕಾಗುತ್ತದೆ (ಮದ್ದೂರು ವಡೆಯ ನೆಪದಲ್ಲಿ ನಾನು ಒಮ್ಮೆ ಬೇಕೆಂದೇ ತಪ್ಪಿಸಿಕೊಂಡದ್ದುಂಟು).

ರಂಗನತಿಟ್ಟಿನ ನಡುಗಡ್ಡೆಗಳು ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರು ಕಾವೇರಿಗೆ ಕಟ್ಟಿಸಿದ ಅಣೆಯಿಂದಾಗಿ ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿಗೆ ಸಂಜೆಯ ದೋಣಿಯ ಹೊತ್ತಿಗೆ ತಲುಪಿದರೆ ಕೆಂಬರಲುಗಳೂ ಬೆಳ್ಳಕ್ಕಿಗಳೂ ಸಾಲುಸಾಲಾಗಿ ಗೂಡಿಗೆ ಮರಳುವುದನ್ನು ಕಾಣಬಹುದು. ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದುಕೊಂಡು ಮಲಗಿರುತ್ತವೆಯಾದ್ದರಿಂದ ಮಗಳ ಕೈ ದೋಣಿಯೊಳಗೇ ಇರಲಿ.

ಇನ್ನು ಬಂಡೀಪುರ ಬಿಟ್ಟು ಉಳಿಯುವ ದಿನವನ್ನು ಮೈಸೂರಿಗೇ ಕೊಡಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಕಾಲುದಾರಿಯಲ್ಲಿ ತಂದೆಯವರು ತಮಗೆ ಸಾಧ್ಯವಾದಷ್ಟು ನಡೆದು ಕುಳಿತುಕೊಳ್ಳಬಹುದು. ತಿಂಡಿಯ ನಂತರ ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಹೋಗಿ. ಒಡೆಯರ ಮನೆತನದ ಮೂಲ ಈ ಊರೆಂದು ತಂದೆಯವರಿಗೆ ತಿಳಿದಿರುತ್ತದೆ. ಮಗಳಿಗೆ ಮಾತ್ರ ಅಲ್ಲಿ ಚಳಿಗಾಲಕ್ಕೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳೇ ದೊಡ್ಡ ಸಂಗತಿಯಾದಾವು. ಮಂಗೋಲಿಯಾದಲ್ಲಿ ಗುರುತಿಗಾಗಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಇದೇ ಕೆರೆಯಲ್ಲಿ ಕಾಣಿಸಿಕೊಂಡಿವೆ. ಏರಿಯ ಮೇಲೆ ನಿಂತು ನೋಡುವುದಕ್ಕೆ ಟಿಕೆಟ್ಟಿಲ್ಲ, ಜೀಪಿಲ್ಲ, ಅವಸರವೂ ಇಲ್ಲ.

ಉತ್ತರ: ಯಳಂದೂರಿನವನು, ಈಗ ವಿಜಯನಗರ

ಬೆಟ್ಟಕ್ಕೆ ಒಂದು ರಾತ್ರಿ ಸಾಲದು, ಎರಡು ಇಟ್ಟುಕೊಳ್ಳಿ. ತಪ್ಪಲಿನ ಕುರುಚಲಿನಿಂದ ಹಿಡಿದು ನೆತ್ತಿಯ ಶೋಲಾ (ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ನಿತ್ಯಹಸಿರು) ಕಾಡು, ಹುಲ್ಲುಗಾವಲಿನವರೆಗೆ ಎಲ್ಲವೂ ಒಂದೇ ಬೆಟ್ಟಸಾಲಿನಲ್ಲಿರುವುದರಿಂದ, ಮತ್ತು ಪೂರ್ವಘಟ್ಟಕ್ಕೂ ಪಶ್ಚಿಮಘಟ್ಟಕ್ಕೂ ಅದು ಸೇತುವೆಯಂತಿರುವುದರಿಂದ, ಅರ್ಧ ಗಂಟೆ ಮೇಲಕ್ಕೆ ಹೋದರೆ ಹಕ್ಕಿಗಳೇ ಬೇರೆಯಾಗುತ್ತವೆ. ಕ್ಯಾತದೇವರ ಗುಡಿಯಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ. ಅಲ್ಲಿ ಸಫಾರಿಗಿಂತ ಶಿಬಿರದ ಆವರಣವೇ ಮೇಲು ಎಂಬುದು ನನ್ನ ಅನುಭವ: ಕುರ್ಚಿ ಹಾಕಿಕೊಂಡು ಕುಳಿತರೆ ಭೀಮರಾಜ, ಮರಕುಟಿಗ, ಕುಟ್ರುಹಕ್ಕಿಗಳು ತಾವಾಗಿಯೇ ಬರುತ್ತವೆ. ಕಿವಿ ಚುರುಕಾಗಿರುವ ತಂದೆಯವರಿಗೆ ಬೆಳಗಿನ ಜಾವ ಸಿಳ್ಳಾರದ ಹಾಡು ಕೇಳಿಸಿಬಿಟ್ಟರೆ ಅವರು ಬೇರೆಲ್ಲಿಗೂ ಬರಲೊಪ್ಪಲಿಕ್ಕಿಲ್ಲ.

ಎರಡು ಎಚ್ಚರಿಕೆಗಳು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಸಂಜೆಯ ನಂತರ ತಪಾಸಣಾ ಠಾಣೆಯಲ್ಲಿ ವಾಹನ ಬಿಡುವುದಿಲ್ಲವಾದ್ದರಿಂದ, ಮೈಸೂರಿನಿಂದ ಊಟಕ್ಕೆ ಮೊದಲೇ ಹೊರಡಿ. ಕಾಡಿನ ರಸ್ತೆಯಲ್ಲಿ ಹಕ್ಕಿ ಕಂಡಿತೆಂದು ಕಾರು ನಿಲ್ಲಿಸಿ ಇಳಿಯಬೇಡಿ. ದಂಡದ ಮಾತು ಹಾಗಿರಲಿ, ಅಲ್ಲಿ ಆನೆ ತಿರುವಿನಲ್ಲೇ ನಿಂತಿರುತ್ತದೆ. ದೇವಸ್ಥಾನದ ಬಳಿ ನಿಂತು ನೋಡಲು ಯಾರ ಅಡ್ಡಿಯೂ ಇಲ್ಲ.

ಉತ್ತರ: ಮಲ್ಲೇಶ್ವರಂ 18ನೇ ಅಡ್ಡರಸ್ತೆ

ಕೆರೆಏರಿಯವರ ಮಾತಿನಲ್ಲಿ ಸತ್ಯವಿದ್ದರೂ, ಸಫಾರಿಯಲ್ಲಿ ಹಕ್ಕಿ ನೋಡಲಾಗದು ಎಂಬ ಅರ್ಥ ಬರುವಂತೆ ಬರೆದಿರುವುದು ಸ್ವಲ್ಪ ಅತಿಯಾಯಿತು. ಕೆಂಪುತಲೆಯ ರಣಹದ್ದನ್ನು ನಾನು ಜೀವನದಲ್ಲಿ ಮೊದಲ ಸಲ ಕಂಡದ್ದು ಬಂಡೀಪುರದ ಸಫಾರಿಯಲ್ಲೇ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ನೋವಿನ ಔಷಧಿ ಅವುಗಳ ಕಳೇಬರದ ಮೂಲಕ ಹೊಟ್ಟೆ ಸೇರಿ ದೇಶದಾದ್ಯಂತ ರಣಹದ್ದುಗಳು ಅಳಿದು, 2006ರಲ್ಲಿ ಆ ಔಷಧಿಯ ಪಶುಬಳಕೆಯನ್ನು ನಿಷೇಧಿಸಿದ ಮೇಲೂ ಅವು ಉಳಿದುಕೊಂಡಿರುವ ಕೆಲವೇ ನೆಲೆಗಳಲ್ಲಿ ಬಂಡೀಪುರ, ನಾಗರಹೊಳೆಗಳ ಕಾಡೂ ಸೇರಿದೆ. ಯಾವ ಕೆರೆಯ ಏರಿಯ ಮೇಲೆ ಅದು ಸಿಕ್ಕೀತು?

ಉಪಾಯವಿರುವುದು ಸಫಾರಿಯನ್ನು ಆರಿಸುವುದರಲ್ಲಿ. ಕಬಿನಿಯಲ್ಲಿ ಜೀಪು ಮತ್ತು ದೋಣಿ ಎರಡೂ ಇರುವಲ್ಲಿ, ತಮ್ಮ ಸಫಾರಿಗಳಲ್ಲಿ ಒಂದಾದರೂ ದೋಣಿಯಾಗಿರಲಿ ಎಂದು ಕಾದಿರಿಸುವಾಗಲೇ ಕೇಳಿಕೊಳ್ಳಿ. ಹಿನ್ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೋಳು ಕೊಂಬೆಗಳ ಮೇಲೆ ಮೀನುಗಿಡುಗ, ನೀರುಕಾಗೆ, ಹಾವಕ್ಕಿಗಳು ಮರೆಯಿಲ್ಲದೆ ಕುಳಿತಿರುತ್ತವೆ. ದೋಣಿಯ ಎಂಜಿನ್ ನಿಲ್ಲಿಸಿದರೆ ಕ್ಯಾಮೆರಾವೂ ಅಲುಗಾಡುವುದಿಲ್ಲ, ಮೊಣಕಾಲಿಗೂ ಕುಲುಕಾಟವಿಲ್ಲ. ಉದ್ದನೆಯ ಲೆನ್ಸ್‌ಗಳಿಗೆ ಪ್ರತ್ಯೇಕ ಶುಲ್ಕವಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮತ್ತೊಂದು ಮಾತು: ಹುಲಿ ದಾಳಿಗಳ ಹಿನ್ನೆಲೆಯಲ್ಲಿ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಲಾಗಿತ್ತು. ಆದ್ದರಿಂದ ಮುಂಗಡ ಕೊಡುವ ಮೊದಲು, ಸಫಾರಿ ರದ್ದಾದರೆ ಹಣ ಹಿಂದಿರುಗುವುದೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯಿರಿ.

ಮರುಪ್ರಶ್ನೆ: ಬಸವನಗುಡಿವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಓದಿ ಹೇಳಿದೆ. ಬಂಡೀಪುರವನ್ನು ಕೈಬಿಟ್ಟಿದ್ದೇವೆ, ಕೊಕ್ಕರೆ ಬೆಳ್ಳೂರು, ರಂಗನತಿಟ್ಟು ಮುಗಿಸಿ ಮೈಸೂರಿನಲ್ಲಿ ಒಂದು ರಾತ್ರಿ, ಮರುದಿನ ಕುಕ್ಕರಹಳ್ಳಿ, ಹದಿನಾರು ನೋಡಿ ಅಲ್ಲೇ ಮತ್ತೊಂದು ರಾತ್ರಿ, ಆಮೇಲೆ ಬೆಟ್ಟದಲ್ಲಿ ಎರಡು ರಾತ್ರಿ ಎಂದು ನಿಶ್ಚಯವಾಗಿದೆ. ಕಬಿನಿಯ ದೋಣಿಯನ್ನು ಬೇಸಿಗೆ ರಜೆಗೆ ಇಟ್ಟುಕೊಂಡಿದ್ದೇವೆ, ರಣಹದ್ದಿನ ಆಸೆಯೂ ಅಲ್ಲಿಯವರೆಗೆ ಕಾಯಲಿ. ಉಳಿದ ಹಣದಲ್ಲಿ ಒಂದು ದುರ್ಬೀನು ಕೊಳ್ಳೋಣವೆಂದು ಪತ್ನಿಯ ಸೂಚನೆ. ಅಂಗಡಿಯವರು 10x42 ಕೊಳ್ಳಿ, ಹೆಚ್ಚು ದೊಡ್ಡದಾಗಿ ಕಾಣುತ್ತದೆ ಎನ್ನುತ್ತಿದ್ದಾರೆ. ಕನ್ನಡಕ ಹಾಕುವ ತಂದೆಯವರಿಗೂ ಹನ್ನೊಂದರ ಮಗಳಿಗೂ ಒಂದೇ ದುರ್ಬೀನು ಹೊಂದೀತೇ?

ಉತ್ತರ: ಕೆರೆಏರಿ

8x42 ತೆಗೆದುಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದನ್ನೂ, ಎರಡನೆಯದು ಮುಂದಿನ ಮಸೂರದ ಅಗಲವನ್ನು ಮಿಲಿಮೀಟರಿನಲ್ಲೂ ತಿಳಿಸುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 8x42ರಲ್ಲಿ ಸುಮಾರು 5.2 ಮಿಲಿಮೀಟರ್, 10x42ರಲ್ಲಿ 4.2 ಮಾತ್ರ. ಬೆಳಗಿನ ಮಬ್ಬಿನಲ್ಲಿ, ಮರದ ನೆರಳಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹತ್ತು ಪಟ್ಟಿನದರಲ್ಲಿ ಹಕ್ಕಿ ದೊಡ್ಡದಾಗುವಂತೆಯೇ ಕೈನಡುಕವೂ ದೊಡ್ಡದಾಗುತ್ತದೆ, ನೋಟದ ಹರವು ಕಿರಿದಾಗುತ್ತದೆ. ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿಯನ್ನು ಮಕ್ಕಳು ಅದರಲ್ಲಿ ಹುಡುಕುವಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತದೆ. ತಂದೆಯವರು ನೋಡುವಾಗ ಕಣ್ಣಿನ ಬಳಿಯ ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ತಿರುಗಿಸಿ, ಮಗಳು ನೋಡುವಾಗ ಹೊರಕ್ಕೆ ತಿರುಗಿಸಿ. ಕೊಳ್ಳುವ ಮುನ್ನ ಮಗಳನ್ನು ಅಂಗಡಿಗೆ ಕರೆದೊಯ್ದು, ಎರಡು ಕೊಳವೆಗಳನ್ನು ಪೂರ್ತಿ ಹತ್ತಿರಕ್ಕೆ ಮಡಚಿದಾಗ ಅವಳಿಗೆ ಎರಡು ವೃತ್ತಗಳ ಬದಲು ಒಂದೇ ವೃತ್ತ ಕಾಣುತ್ತದೆಯೇ ಎಂದು ಪರೀಕ್ಷಿಸಿ. ಮಕ್ಕಳ ಕಣ್ಣುಗಳ ನಡುವಿನ ಅಂತರ ಕಡಿಮೆಯಿರುವುದರಿಂದ ಕೆಲವು ದುರ್ಬೀನುಗಳು ಅವರಿಗೆ ಹೊಂದುವುದೇ ಇಲ್ಲ. ಹೊಂದದಿದ್ದರೆ ಅವಳಿಗೆ ಹಗುರವಾದ 8x30 ಬೇರೆ ಕೊಡಿಸಿ.

ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಜೋರಾಗಿ ಹಾಕಿ ಅದನ್ನು ಹತ್ತಿರ ಕರೆಯುವವರು ಬೆಟ್ಟದಲ್ಲಿ ತಮಗೆ ಸಿಗಬಹುದು. ತನ್ನ ಎಲ್ಲೆಯೊಳಗೆ ಎದುರಾಳಿ ಬಂದಿದ್ದಾನೆಂದು ಅದು ಮೇವು ಬಿಟ್ಟು ಓಡಿಬರುತ್ತದೆ, ಆದ್ದರಿಂದ ದಯವಿಟ್ಟು ಅದನ್ನು ಮಾಡಬೇಡಿ. ತಂದೆಯವರ ಕಿವಿ ಜೊತೆಗಿರುವಾಗ ತಮಗೆ ಅದರ ಅಗತ್ಯವೂ ಬೀಳದು. ಹಕ್ಕಿ ಗುರುತಿಸುವ ಮೊಬೈಲ್ ಆ್ಯಪ್ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದಾಗ, ಚಿಕ್ಕಂದಿನಲ್ಲಿ ಆ ಹಕ್ಕಿಯನ್ನು ಏನೆಂದು ಕರೆಯುತ್ತಿದ್ದರೆಂದು ತಂದೆಯವರನ್ನೇ ಕೇಳಿ ಮಗಳು ಪಕ್ಕದಲ್ಲಿ ಬರೆದುಕೊಳ್ಳಲಿ. ನಾವು ಕೆಂಬೂತವೆನ್ನುವುದನ್ನು ರತ್ನಪಕ್ಷಿಯೆಂದು ಕರೆದು, ಬೆಳಿಗ್ಗೆ ಕಂಡರೆ ಶುಭವೆನ್ನುವ ಊರುಗಳೂ ಇವೆ. ಹದಿನಾರು ಕೆರೆಯಲ್ಲಿ ಹೆಬ್ಬಾತುಗಳು ಎಷ್ಟಿದ್ದವೆಂದು, ಕೊರಳಪಟ್ಟಿ ಕಂಡಿದ್ದರೆ ಅದರ ಮೇಲಿನ ಅಕ್ಷರ ಮತ್ತು ಅಂಕಿಗಳೇನೆಂದು, ಬಂದ ಮೇಲೆ ಇಲ್ಲಿ ಬರೆಯಿರಿ.