ಕಸದ ಗುತ್ತಿಗೆಯ ಕಡತ ಯಾರದು? ಮಂಡ್ಯ ಸೀಮೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಕೀಲರೊಂದಿಗೆ ಪ್ರಶ್ನೋತ್ತರ

ಶಿಕ್ಷಕಿ: ವಕೀಲರೇ, ನಮಸ್ಕಾರ. ನಮ್ಮ ಬೀದಿಗೆ ಕಸದ ಆಟೊ ವಾರಕ್ಕೆ ಎರಡೇ ಬಾರಿ ಬರುತ್ತದೆ. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆ ಚರಂಡಿಯಲ್ಲೇ ಕೊಳೆಯುತ್ತದೆ. ದಿನವೂ ಬಂದಂತೆ ಬಿಲ್ ಆಗುತ್ತಿದೆಯೇ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಸ್ಥಳೀಯ ಸಂಸ್ಥೆಯಿಂದ ಕರಾರು ಪತ್ರ, ಆಟೊದ ಹಾಜರಾತಿ ಪುಸ್ತಕ ಕೇಳಿದೆ. ‘ಗುತ್ತಿಗೆದಾರರ ಬಳಿ ಇದೆ, ವಾಣಿಜ್ಯ ಗೌಪ್ಯತೆ’ ಎಂದು ಹಿಂಬರಹ (ಲಿಖಿತ ಉತ್ತರ) ಕೊಟ್ಟಿದ್ದಾರೆ.

ವಕೀಲರು: ಮೇಡಂ, ಈ ಹಿಂಬರಹ ಓದಿ ಕಳವಳವಾಯಿತು. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಲೆಕ್ಕ ಒಪ್ಪಿಸುವ ಹೊಣೆಯನ್ನು ಕೊಡಲಾಗದು. ಕರಾರಿಗೆ ಸಹಿ ಹಾಕಿರುವುದೇ ಸ್ಥಳೀಯ ಸಂಸ್ಥೆ; ಹಾಜರಾತಿ ನೋಡದೆ ಬಿಲ್ ಪಾಸು ಮಾಡಿದರೇ? 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್) ಕರಾರು, ಲಾಗ್‌ಬುಕ್ ಎರಡನ್ನೂ ಮಾಹಿತಿ ಎಂದೇ ಹೆಸರಿಸಿದೆ. ಸೆಕ್ಷನ್ 8(1)(ಡಿ) ವ್ಯಾಪಾರದ ಗುಟ್ಟಿಗೆ ರಕ್ಷಣೆ ಕೊಡುತ್ತದೆ, ನಿಜ. ಆಟೊ ಬಂದಿತೋ ಇಲ್ಲವೋ ಎಂಬುದು ಯಾವ ಗುಟ್ಟು? 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಮೂಲ ಹಾಜರಾತಿ ಪುಸ್ತಕದ ಪರಿಶೀಲನೆಗೆ ಸೆಕ್ಷನ್ 2(ಜೆ) ಅಡಿ ಬೇರೆ ಅರ್ಜಿ ಕೊಡಿ. ಹಿಂದೆ ನಾನು ಕಂಡ ಒಂದು ಪುಸ್ತಕದಲ್ಲಿ ತಿಂಗಳ ಅಷ್ಟೂ ಸಹಿಗಳು ಒಂದೇ ಪೆನ್ನಿನವು. ಇನ್ನೂ ಬಾರದ ವಾರದ ಚೌಕಗಳೂ ತುಂಬಿದ್ದವು. ಜೆರಾಕ್ಸಿನಲ್ಲಿ ಶಾಯಿ ಗೊತ್ತಾಗುವುದಿಲ್ಲ.

ಅಂಗಡಿಯವರು: ಆಸ್ತಿಯ ಖಾತೆಗೆ ಅರ್ಜಿ ಕೊಟ್ಟು ಮೂರು ತಿಂಗಳಾಯಿತು.

ವಕೀಲರು: ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಯೋಜನೆಯ 15 ಅಂಕಿಯ ಸಂಖ್ಯೆ ಇದೆಯೇ? ಗಡುವು ಮೀರಿದ್ದರೆ ಮೇಲ್ಮನವಿ ಸಲ್ಲಿಸಿ. ಪರಿಹಾರ ದಿನಕ್ಕೆ 20 ರೂಪಾಯಿ, ಗರಿಷ್ಠ 500.

ಯುವಕ: ಫಾರ್ವರ್ಡ್ ಬಂದಿದೆ: ‘ಈ ನಲವತ್ತು ಪ್ರಶ್ನೆಗಳ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 48 ಗಂಟೆಯಲ್ಲಿ ಉತ್ತರ ಖಚಿತ!’

ವಕೀಲರು: ದಯವಿಟ್ಟು ಹಂಚಬೇಡಿ. 48 ಗಂಟೆಯ ಗಡುವು ವ್ಯಕ್ತಿಯ ಜೀವ, ಸ್ವಾತಂತ್ರ್ಯದ ಮಾಹಿತಿಗೆ ಮಾತ್ರ. ಉಳಿದದ್ದಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಇಂಥದ್ದನ್ನು ನಂಬಿ ಅರ್ಜಿ ತಿರಸ್ಕೃತವಾದವರು ಅಳುತ್ತಾ ನನ್ನ ಬಳಿ ಬರುತ್ತಾರೆ.

ನಿವೃತ್ತ ನೌಕರ: ಎಲ್ಲರೂ ಕಡತ ಕೇಳುತ್ತಾ ಕುಳಿತರೆ ಸಿಬ್ಬಂದಿ ಕೆಲಸ ಮಾಡುವುದು ಯಾವಾಗ? ಗುತ್ತಿಗೆ ಬಂದ ಮೇಲೆ ಬೀದಿ ಚೊಕ್ಕಟವಾಗಿದೆ.

ಶಿಕ್ಷಕಿ: ನಿಮ್ಮ ಬೀದಿ ಆಗಿರಬಹುದು.

ರೈತ: ಮೊದಲೇ ಫಲಕದಲ್ಲಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಯಜಮಾನರೇ.

ನಿವೃತ್ತ ನೌಕರ: ತಾವು ಎಷ್ಟು ತೆರಿಗೆ ಕಟ್ಟಿದ್ದೀರಿ?

ರೈತ: ರಸೀದಿ ತಂದು ತೋರಿಸುತ್ತೇನೆ. ಅವರು ಹಾಜರಾತಿ ತೋರಿಸಲಿ.

ವಕೀಲರು: ಇಬ್ಬರೂ ನಿಲ್ಲಿಸಿ. ರೈತರು ಹೇಳಿದ್ದೇ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4: ಕೇಳುವ ಮೊದಲೇ ಪ್ರಕಟಿಸಬೇಕು.

ಹೊಸ ಸದಸ್ಯ: ಸರ್, ಖಾತೆ ತಡವಾದರೆ ಏನು ಮಾಡಬೇಕು?

ವಕೀಲರು: ಮೇಲೆ ಓದಿ.

ಗೃಹಿಣಿ: ಗ್ರಾಮಸಭೆಯಲ್ಲಿ ನಾವು ಎತ್ತಿದ ನೀರಿನ ಪ್ರಶ್ನೆ ನಡವಳಿಯಲ್ಲೇ ಇಲ್ಲ. ಯಾರನ್ನು ಕೇಳಬೇಕು?

ನಿವೃತ್ತ ನೌಕರ: ಗುಂಪಿನಲ್ಲಿ ಹಿರಿಯರಿಗೆ ಬೆಲೆಯೇ ಇಲ್ಲ.

ಶಿಕ್ಷಕಿ: ವಕೀಲರೇ, ಮೇಲ್ಮನವಿ ಬರೆದೆ. ಸೋಮವಾರ ಕಚೇರಿಯ ಟಪಾಲು ವಿಭಾಗಕ್ಕೆ ಕೊಡುತ್ತೇನೆ.

ವಕೀಲರು: ಸ್ವೀಕೃತಿಯ ಮೊಹರಿನಲ್ಲಿ ದಿನಾಂಕ ಮೂಡಿದೆಯೇ ಎಂದು ನೋಡಿಕೊಂಡೇ ಹೊರಡಿ.