ಗುರುವಿನ ಮನೆ ಸ್ಪೇನ್ ಆಗಿದ್ದು

“ಓಲಾ!” ಎಂದು ಕೈ ಎತ್ತಿದ ಗುರು, ಬ್ಯಾಗನ್ನು ಮೇಲಿನ ರ‍್ಯಾಕಿಗೆ ತಳ್ಳುತ್ತಾ.

“ಟ್ಯಾಕ್ಸಿ ಯಾಕೆ ಮಾರಾಯ? ಟ್ರೇನೇ ಸಿಕ್ಕಿತಲ್ಲ” ಎಂದರು ಶೆಟ್ರು.

7.47ರ ಡೊಂಬಿವಲಿ ಫಾಸ್ಟು. ಎಂದಿನ ಡಬ್ಬಿ, ಎಂದಿನ ಜಾಗ. ಕಿಟಕಿ ಪಕ್ಕ ಶೆಟ್ರು, ಆಮೇಲೆ ಪಾಟೀಲ, ಆಮೇಲೆ ನಾನು, ಫೋರ್ತ್ ಸೀಟಿನಲ್ಲಿ ಅರ್ಧ ಕೂತು ಅರ್ಧ ತೇಲುತ್ತಾ ಗೌಡ್ರು. ಗುರು ದಿನಾ ಕೊನೆಗೆ ಓಡಿ ಬಂದು ನಮ್ಮ ಮೊಣಕಾಲುಗಳ ನಡುವೆ ನಿಲ್ಲುವವನು.

“ಟ್ಯಾಕ್ಸಿ ಅಲ್ಲ ಶೆಟ್ರೇ. ಸ್ಪ್ಯಾನಿಶ್‌ನಲ್ಲಿ ನಮಸ್ಕಾರ. ಬರೆಯುವುದು ಹೋಲಾ, ಓದುವುದು ಓಲಾ. ಅಲ್ಲಿ ಹಕಾರ ಬರೀತಾರೆ, ಆದರೆ ಬಾಯಲ್ಲಿ ಬರಲ್ಲ.”

“ಇದಕ್ಕೆ ಸ್ಪೇನ್ ಯಾಕೆ ಬೇಕು? ನಮ್ಮ ಮಂಡ್ಯದ ಕಡೆ ಬಾ” ಎಂದರು ಗೌಡ್ರು. “ಹಾಲು ಅಂತ ಬರೆದು ಆಲು ಅಂತ ಓದಿದ್ದಕ್ಕೆ ಮೇಷ್ಟ್ರು ನನ್ನನ್ನು ಮೂರು ವರ್ಷ ಬಾರಿಸಿದರು. ಆಗ ಯಾರಾದರೂ ಬಂದು, ಸಾರ್, ಈ ಹುಡುಗ ಸ್ಪ್ಯಾನಿಶ್ ಪಂಡಿತ ಅಂತ ಹೇಳಬಾರದಿತ್ತಾ?”

“ಹಕಾರ ಇಲ್ಲವೇ ಇಲ್ಲ ಅಂತ ಅಲ್ಲ ಗೌಡ್ರೇ. ಜೆ ಅಂತ ಬರೆದರೆ ಹ ಅಂತ ಓದಬೇಕು. ಜೋಸ್ ಅಂತ ಬರೆದಿದ್ದರೆ ಹೊಸೆ.”

“ಏನನ್ನ? ಬತ್ತಿನಾ?”

ಪಾಟೀಲನಿಗೆ ಕೆಮ್ಮು ಬಂತು. ಗುರು ಇಂಥದ್ದಕ್ಕೆಲ್ಲ ಬೇಜಾರು ಮಾಡಿಕೊಳ್ಳುವವನಲ್ಲ. ಹೋದ ವರ್ಷ ಬೆಳಿಗ್ಗೆ ಬಿಸಿನೀರಿಗೆ ತುಪ್ಪ ಹಾಕಿಕೊಂಡು ಕುಡಿಯುತ್ತಿದ್ದ. ಅದರ ಹಿಂದಿನ ವರ್ಷ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ಈಗ ಮನೆಯಲ್ಲೇ ಕೂತು ಸ್ಪ್ಯಾನಿಶ್. ಕ್ಲಾಸ್ ಇಲ್ಲ, ಪುಸ್ತಕ ಇಲ್ಲ. ಮನೆಯನ್ನೇ ಸ್ಪೇನ್ ಮಾಡಿಬಿಡಬೇಕಂತೆ. ಮೂರು ತಿಂಗಳು ಭಾಷೆಯಲ್ಲಿ ಮುಳುಗಿದ್ದರೆ ತಾನಾಗಿ ಬಂದುಬಿಡುತ್ತದಂತೆ.

“ಇದು ಸುಮ್ನೆ ಹುಚ್ಚಲ್ಲ” ಎಂದ ಗುರು. “ಕ್ರಾಶೆನ್ ಅಂತ ಅಮೆರಿಕದ ಪ್ರೊಫೆಸರು. 1980ರ ಸುಮಾರಿಗೇ ಹೇಳಿದ್ದಾನೆ. ವ್ಯಾಕರಣ ಉರು ಹೊಡೆದರೆ ಭಾಷೆ ಬರಲ್ಲ, ಅರ್ಥ ಆಗೋ ಮಾತು ಕಿವಿಗೆ ಬೀಳ್ತಾ ಇರಬೇಕು.”

“ಅರ್ಥ ಆಗೋ ಮಾತು ಅಂದನಲ್ಲ? ನಿನ್ನ ಮನೆಯಲ್ಲಿ ಯಾರು ಆಡ್ತಾರೆ ಅದನ್ನ?”

“ಅದಕ್ಕೇ ಚೀಟಿ ಅಂಟಿಸಿದ್ದೀನಿ. ಎಲ್ಲ ಸಾಮಾನಿಗೂ.”

ಇಲ್ಲಿ ಒಂದು ಮಾತು ಹೇಳಬೇಕು. ಗುರು ಓದಿದ್ದು ಮುಂಬಯಿಯ ಮುನ್ಸಿಪಾಲ್ಟಿ ಕನ್ನಡ ಶಾಲೆಯಲ್ಲಿ. ಏಳನೇ ಕ್ಲಾಸಿನ ತನಕ ಲೆಕ್ಕ, ವಿಜ್ಞಾನ ಎಲ್ಲ ಕನ್ನಡದಲ್ಲೇ. ಈಗ ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಪಟಪಟ ಟೈಪ್ ಮಾಡುತ್ತಾನೆ, ಆದರೆ ಕೈಯಲ್ಲಿ ಪೆನ್ನು ಹಿಡಿದು ಉಚ್ಚಾರಣೆ ಬರೆದುಕೊಳ್ಳಬೇಕಾದರೆ ಕನ್ನಡವೇ ಬರುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ನಾಲಿಗೆ ಇಂಗ್ಲಿಷಿನ ಕಡೆಗೇ ಜಾರುತ್ತದೆ ಎನ್ನುವುದು ಅವನ ವಾದ. ಹಾಗಾಗಿ ಡೊಂಬಿವಲಿ ಪೂರ್ವದ ಅವನ ಎರಡು ಕೋಣೆಯ ಮನೆಯಲ್ಲಿ ಈಗ ಎಲ್ಲೆಲ್ಲೂ ಸ್ಪ್ಯಾನಿಶ್ ಚೀಟಿ, ಎಲ್ಲವೂ ಕನ್ನಡ ಅಕ್ಷರದಲ್ಲಿ.

“ಹಾಲ್‌ಗೆ ಏನು?” ಎಂದು ಕೇಳಿದೆ.

“ಲಾ ಸಾಲಾ.”

ಡಬ್ಬಿಯಲ್ಲಿ ಒಂದು ಕ್ಷಣ ಮೌನ.

“ಅದೇ ಆಗಿದ್ದು” ಎಂದ ಗುರು, ತಗ್ಗಿದ ದನಿಯಲ್ಲಿ. “ನನ್ನ ಹೆಂಡತಿಯ ಅಣ್ಣ ಹುಬ್ಬಳ್ಳಿಯಿಂದ ಬಂದಿದ್ದ. ಚೀಟಿ ಸೋಫಾದ ಮೇಲಿನ ಗೋಡೆಗಿತ್ತು. ಅವನು ಸರಿಯಾಗಿ ಅದರ ಕೆಳಗೇ ಕೂತ. ತಿರುಗಿ ನೋಡಿದ. ಹಿಂದಿ ಬರುತ್ತೆ ಅವನಿಗೆ.”

“ಬೈದಂಗೂ ಆಯ್ತು, ಸಂಬಂಧ ಹೇಳಿದಂಗೂ ಆಯ್ತು ಬಿಡು” ಎಂದ ಪಾಟೀಲ.

“ಮಂಚಕ್ಕೆ?” ಗೌಡ್ರು ಬಿಡುವವರಲ್ಲ.

“ಬೇಡ ಗೌಡ್ರೇ.”

“ಹೇಳು.”

“ಲಾ ಕಾಮಾ.”

ಗುರುವಿನ ತಾಯಿಯ ಭಜನಾ ಮಂಡಳಿ ಗುರುವಾರ ಅವರ ಮನೆಯಲ್ಲೇ ಸೇರುವುದು. ಹಾಲ್‌ನಲ್ಲಿ ಜಾಗ ಸಾಲದೆ ನಾಲ್ಕು ಜನ ಒಳಗಿನ ಕೋಣೆಗೆ ಹೋದರಂತೆ. ನಾಲ್ವರಿಗೂ ಕನ್ನಡ ಚೆನ್ನಾಗಿ ಓದಲು ಬರುತ್ತಿತ್ತು. ಆ ದಿನ ಮಂಗಳಾರತಿ ಬೇಗ ಆಯಿತು.

“ಸ್ಪೇನಿನವರನ್ನು ಮೆಚ್ಚಬೇಕಪ್ಪ” ಎಂದರು ಗೌಡ್ರು. “ನಾವು ಸುತ್ತಿ ಬಳಸಿ ಹೇಳೋದನ್ನ ಅವರು ಸೀದಾ ಸಾಮಾನಿನ ಮೇಲೇ ಬರೆದಿದ್ದಾರೆ.”

“ಉಪ್ಪಿಗೇನಂತಾರೆ?” ಶೆಟ್ರ ಪ್ರಶ್ನೆ. ನಲವತ್ತು ವರ್ಷ ಹೋಟೆಲು, ಕ್ಯಾಂಟೀನು ಕಂಡವರು. ಅವರಿಗೆ ಲೋಕ ಶುರುವಾಗುವುದೇ ಅಲ್ಲಿಂದ.

“ಸಾಲ್.”

“ಸರಿಯೇ ಇದೆ. ಉಪ್ಪು ತಿಂದರೆ ಸಾಲವೇ ಅಲ್ವಾ?”

ಗಾಡಿ ದಿವಾ ದಾಟಿತು. ಗುರು ಫೋನ್ ತೆಗೆದು ಏನನ್ನೋ ಒತ್ತುತ್ತಿದ್ದ. ಫೋನೂ ಸ್ಪ್ಯಾನಿಶ್‌ಗೆ ತಿರುಗಿ ಹನ್ನೊಂದು ದಿನವಾಗಿದೆ. ವಾಪಸ್ ತರುವ ದಾರಿ ಸಿಗುತ್ತಿಲ್ಲ, ಯಾಕೆಂದರೆ ಆ ದಾರಿಯೂ ಸ್ಪ್ಯಾನಿಶ್‌ನಲ್ಲಿದೆ. ಹೋದ ಭಾನುವಾರ ಠಾಣೆಯಲ್ಲಿ ಮದುವೆ. ಮ್ಯಾಪಿನ ಹೆಂಗಸು ದಾರಿಯುದ್ದಕ್ಕೂ “ಹೀರೆ ಆ ಲಾ ದೆರೇಚಾ” ಎನ್ನುತ್ತಿದ್ದಳಂತೆ. ಹೀರೆ ಎಂದರೆ ತಿರುಗು. ದೆರೇಚಾ ಎಂದರೆ ಬಲಕ್ಕೆ, ಆದರೆ ದೆರೇಚೋ ಎಂದರೆ ಎಷ್ಟೋ ದೇಶಗಳಲ್ಲಿ ನೇರಕ್ಕೆ. ಒಂದು ಸ್ವರದಲ್ಲಿ ಗುರು ತಪ್ಪಿದ. ಮುಹೂರ್ತದ ಹೊತ್ತಿಗೆ ಅವನೂ ಹೆಂಡತಿ ವಿಜಯಾನೂ ಭಿವಂಡಿಯಲ್ಲಿದ್ದರು.

“ವಿಜಯಾ ಏನಂದಳು?”

“ನಿಮ್ಮ ಹೀರೇಕಾಯಿ ಹಾಳಾಗ ಅಂದಳು. ಆಮೇಲೆ ಮೂರು ದಿನ ಏನೂ ಅನ್ನಲಿಲ್ಲ.”

ಆದರೆ ಗುರುವಿಗೆ ನಿಜವಾದ ಕಷ್ಟ ಬೇರೆ ಇತ್ತು. ಗಂಡು ಹೆಣ್ಣಿನದು. ಮೇಜು ಹೆಣ್ಣು, ಪುಸ್ತಕ ಗಂಡು, ಕಿಟಕಿ ಹೆಣ್ಣು, ಚಪ್ಪಲಿ ಇಡುವ ಬೀರು ಗಂಡು.

“ನನಗೆ ಹಿಂದಿಯದೇ ಇನ್ನೂ ಮುಗಿದಿಲ್ಲ” ಎಂದು ಶೆಟ್ರು ನಿಟ್ಟುಸಿರು ಬಿಟ್ಟರು. “ಗಾಡಿ ಆಯಾ, ಚಾಯ್ ಬನಾಯಾ ಅಂತಲೇ ಇಷ್ಟು ವರ್ಷ ಕಳೆದೆ. ಗಾಡಿಯೂ ಬಂತು, ಚಹಾವೂ ಆಯಿತು.”

“ಕನ್ನಡದವರ ಪುಣ್ಯ ಅದು” ಎಂದರು ಗೌಡ್ರು. “ಮನುಷ್ಯರಾದರೆ ಅವನು ಅವಳು. ಇಲ್ಲದಿದ್ದರೆ ಅದು. ಕುರ್ಚಿಯ ಸೀರೆ ಎತ್ತಿ ನೋಡೋ ಬುದ್ಧಿ ನಮ್ಮ ಹಿರಿಯರಿಗೆ ಬರಲಿಲ್ಲ.”

“ಆ ಅಂತ ಕೊನೆಯಾದರೆ ಸಾಮಾನ್ಯವಾಗಿ ಹೆಣ್ಣು” ಎಂದು ಗುರು ಮುಂದುವರಿಸಿದ. “ಆದರೆ ಪ್ರೊಬ್ಲೇಮಾ ಮಾತ್ರ ಗಂಡು. ಇದನ್ನ ವಿಜಯಾಗೆ ಹೇಳಿದರೆ, ಅದು ಮದುವೆಯಾದ ಮರುದಿನವೇ ಗೊತ್ತಾಯ್ತು ಅಂತಾಳೆ.”

“ಹೆಂಡತಿಗೆ ಏನಂತಾರೆ?”

“ಎಸ್ಪೋಸಾ. ಅದೇ ಬಹುವಚನ ಎಸ್ಪೋಸಾಸ್ ಆದರೆ ಕೈಕೋಳ ಅಂತಲೂ ಅರ್ಥ ಇದೆ.”

“ಒಬ್ಬಳಿದ್ದರೆ ಹೆಂಡತಿ, ಇಬ್ಬರಾದರೆ ಕೈಕೋಳ” ಎಂದರು ಗೌಡ್ರು. “ನಮ್ಮ ಕಾನೂನೂ ಅದನ್ನೇ ಹೇಳೋದು.”

ಪಾಟೀಲನಿಗೆ ಇಷ್ಟು ಹೊತ್ತು ಮಾತಾಡಲು ಸಂದು ಸಿಕ್ಕಿರಲಿಲ್ಲ. ಅವನು ವಿಜಯಪುರದವನು, ಇತಿಹಾಸದ ಹುಚ್ಚು. “ನೀವೆಲ್ಲ ನಗ್ತೀರಿ. 1580ರಿಂದ 1640ರ ತನಕ ಪೋರ್ಚುಗಲ್ಲಿಗೂ ಸ್ಪೇನಿಗೂ ಒಬ್ಬನೇ ರಾಜ. ಫಿಲಿಪ್ ಅಂತ ಹೆಸರು, ಮೂರು ತಲೆಮಾರು. ಆಗ ಈ ಮುಂಬಯಿ ದ್ವೀಪಗಳು ಪೋರ್ಚುಗೀಸರ ಕೈಯಾಗ ಇದ್ದವು. ಅಂದ ಮ್ಯಾಗ ಅರವತ್ತು ವರ್ಷ ನಮ್ಮ ದಾದರು, ಮಾಹಿಮು ಎಲ್ಲಾ ಸ್ಪೇನ್ ರಾಜಂದೇ. ಬ್ರಿಟಿಷರಿಗೆ ವರದಕ್ಷಿಣೆ ಅಂತ ಬರೆದು ಕೊಟ್ಟದ್ದು ಆಮೇಲೆ, 1661ರಾಗ.”

“ಹಾಗಾದರೆ ಗುರು ಹೊಸದೇನೂ ಮಾಡ್ತಾ ಇಲ್ಲ, ಹಳೇ ಬಾಕಿ ತೀರಿಸ್ತಾ ಇದಾನೆ.”

“ಶಬ್ದನೂ ಉಳಿದಾವ್ರೀ. ಬಟಾಟಾ ಯಾರದು? ಪಾವ್ ಯಾರದು? ಪೋರ್ಚುಗೀಸರದು. ಸ್ಪೇನಿನವರು ಪಟಾಟಾ, ಪಾನ್ ಅಂತಾರ. ಬಾಲ್ದಿ ಅಂತೂ ಎರಡೂ ಕಡೆ ಬಾಲ್ದೇ.”

“ಬಾಲ್ದಿಯ ವಿಷಯ ಬಂತಲ್ಲ, ಹೇಳಿಬಿಡ್ತೀನಿ” ಎಂದು ಗೌಡ್ರು ಗುರುವಿನ ಕಡೆ ತಿರುಗಿದರು. “ಮುಳುಗೋದು ಮುಳುಗೋದು ಅಂತೀಯಲ್ಲ, ಮುಳುಗೋಕೆ ನೀರು ಬೇಕು ಕಣಯ್ಯ. ನೀನು ಖಾಲಿ ಬಾಲ್ದಿಗೆ ತಲೆ ಹಾಕಿ ಕೂತಿದ್ದೀಯ. ಮುಳುಗಿದವರು ಇಲ್ಲಿದ್ದಾರೆ ನೋಡು” ಎಂದು ಶೆಟ್ರ ತೊಡೆ ತಟ್ಟಿದರು.

ಶೆಟ್ರು ಉಡುಪಿ ಕಡೆಯಿಂದ ಬಂದಾಗ ಹದಿಮೂರು ವರ್ಷ. ತುಳು ಬಿಟ್ಟರೆ ಶಾಲೆಯ ಕನ್ನಡ. ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಗಲ್ಲೆಯ ಮೇಲೆ ಬೈಯುವುದು ಹಿಂದಿಯಲ್ಲಿ, ಗಿರಾಕಿ ಕೇಳುವುದು ಮರಾಠಿಯಲ್ಲಿ, ಹಾಲಿನವನು ಗುಜರಾತಿಯಲ್ಲಿ. ಒಂದೇ ವರ್ಷದಲ್ಲಿ ಎಲ್ಲ ಬಂತು. “ಮೊದಲು ಬಂದ ಮರಾಠಿ ಶಬ್ದ ಫಡ್ಕೆ” ಎಂದರು ಶೆಟ್ರು. “ಒರೆಸುವ ಬಟ್ಟೆ. ಗೊತ್ತಿಲ್ಲದೆ ಎರಡು ಸಲ ಫೋರ್ಕ್ ಕೊಂಡುಹೋಗಿ ಕೊಟ್ಟಿದ್ದೆ.”

“ನನ್ನದು ‘ಕುಠೇ ಉತರ್ಣಾರ್’” ಎಂದರು ಗೌಡ್ರು. “ಎಲ್ಲಿ ಇಳೀತೀರಿ. ಆ ಒಂದು ವಾಕ್ಯ ಗೊತ್ತಿದ್ದರೆ ಈ ಗಾಡಿಯಲ್ಲಿ ಸೀಟು. ಗೊತ್ತಿಲ್ಲದಿದ್ದರೆ ಕುರ್ಲಾ ತನಕ ಒಂಟಿ ಕಾಲು. ಕಾಲು ನೋಯದೆ ಯಾವ ಭಾಷೆ ಬರುತ್ತಪ್ಪ?”

ಅಷ್ಟರಲ್ಲಿ ಮೇಲಿನ ಸ್ಪೀಕರು ತನ್ನ ಪಾಠ ಒಪ್ಪಿಸಿತು. ಪುಢೀಲ್ ಸ್ಟೇಷನ್ ಠಾಣೆ, ಅಗಲಾ ಸ್ಟೇಷನ್ ಠಾಣೆ, ನೆಕ್ಸ್ಟ್ ಸ್ಟೇಷನ್ ಠಾಣೆ. ಆ ಹೆಣ್ಣುದನಿ ಒಂದನ್ನೇ ಮೂರು ಸಲ ಹೇಳುವುದನ್ನು ನಾನು ದಿನಕ್ಕೆ ಎರಡು ಹೊತ್ತು ಕೇಳಿದ್ದೇನೆ. ಯಾವ ಪ್ರೊಫೆಸರೂ ಇದಕ್ಕಿಂತ ತಾಳ್ಮೆಯಿಂದ ಕಲಿಸಲಾರ.

ಠಾಣೆಯ ನೂಕಾಟ ಮುಗಿದ ಮೇಲೆ ಶೆಟ್ರು ಕೇಳಿದರು, “ಅಮ್ಮ ಇದಕ್ಕೆಲ್ಲ ಏನು ಹೇಳ್ತಾರೆ?”

ಗುರುವಿನ ತಾಯಿಗೆ ಎಂಬತ್ತರ ಹತ್ತಿರ. ಧಾರವಾಡದವರು. ಯಜಮಾನರು ಹೋದ ಮೇಲೆ ಮಗನ ಮನೆಗೆ ಬಂದರು.

“ಮೊದಮೊದಲು ಬೈಯುತ್ತಿದ್ದಳು. ಕಾಫಿ ಕೊಟ್ಟಾಗ ನಾನು ಗ್ರಾಸಿಯಾಸ್ ಅಂದರೆ, ಮುಂಜಾನೆದ್ದು ಗ್ರಹಚಾರ ಗ್ರಹಚಾರ ಅಂತೀಯಲ್ಲೋ ಗುರ‍್ಯಾ ಅನ್ನೋಳು. ಫೋನಿನಲ್ಲಿ ಭಾಷೆ ಕಲಿಸುವ ಹಸಿರು ಗೂಬೆ ಇದೆಯಲ್ಲ, ಅದನ್ನು ನೋಡಿ ಒಂದು ಶಾಂತಿ ಮಾಡಿಸು ಅಂದಳು.”

“ಗೂಬೆ ಮನೆ ಹೊಕ್ಕರೆ ಮನೆ ಬಿಡಬೇಕು ಅಂತಾರೆ. ಫೋನ್ ಹೊಕ್ಕರೆ ಅದಕ್ಕೇನು ಶಾಸ್ತ್ರ ಇದೆಯೋ” ಎಂದರು ಗೌಡ್ರು.

“ಕೇಳಿ ಗೌಡ್ರೇ. ನಮ್ಮ ಹುಡುಗ ಚಿಂಟು ಅವಳ ಹತ್ತಿರ ಮಾತೇ ಆಡುತ್ತಿರಲಿಲ್ಲ. ಆಡಬಾರದು ಅಂತಲ್ಲ. ಅವನದು ಮರಾಠಿ, ಇಂಗ್ಲಿಷು. ಇವಳದು ಧಾರವಾಡದ ಕನ್ನಡ. ಆಜಿ ಅಂತ ಕರೀತಾನೆ, ಆಮೇಲೆ ಮುಂದೇನು ಹೇಳೋದು ಅಂತ ಗೊತ್ತಾಗದೆ ಹೋಗಿಬಿಡ್ತಾನೆ. ಅವಳು ನೀರ್ ತಾರೋ ಅಂದರೆ ನಾವೇ ಎದ್ದು ಕೊಡೋದು. ತಪ್ಪು ನಮ್ಮದೇ. ಮನೆಯಲ್ಲಿ ನಾನೂ ವಿಜಯಾನೂ ಅವನ ಜೊತೆ ಕನ್ನಡ ಆಡಲಿಲ್ಲ, ಸ್ಕೂಲಿನಲ್ಲಿ ಗೊಂದಲ ಆಗುತ್ತೆ ಅಂತ.”

ಯಾರೂ ಏನೂ ಅನ್ನಲಿಲ್ಲ. ಶೆಟ್ರು ಕಿಟಕಿಯ ಆಚೆ ನೋಡಿದರು. ಅವರ ಮೊಮ್ಮಕ್ಕಳದೂ ಅದೇ ಕತೆ ಎಂದು ನನಗೆ ಗೊತ್ತು. ನನ್ನದನ್ನು ಕೇಳಬೇಡಿ.

“ಈಗ ಈ ಚೀಟಿಗಳು ಬಂದವಲ್ಲ. ಚಿಂಟುಗೆ ಸ್ಪ್ಯಾನಿಶ್ ಅಂದರೆ ಖುಷಿ, ಫುಟ್‌ಬಾಲ್ ಹುಚ್ಚು ಅವನಿಗೆ. ಆದರೆ ಚೀಟಿ ಓದೋಕೆ ಬರಲ್ಲ, ಕನ್ನಡ ಅಕ್ಷರ. ಅಮ್ಮನಿಗೆ ಓದೋಕೆ ಬರುತ್ತೆ, ಅರ್ಥ ಗೊತ್ತಿಲ್ಲ. ಹಂಗಾಗಿ ಇಬ್ಬರೂ ಸಂಜೆ ಮನೆಯೆಲ್ಲ ಸುತ್ತುತ್ತಾರೆ. ಅವಳು ಓದ್ತಾಳೆ, ಅವನು ಫೋನಿನಲ್ಲಿ ಹುಡುಕಿ ಅರ್ಥ ತೋರಿಸ್ತಾನೆ. ಆಗ್ವಾ ಅಂತ ಅವಳು ಕೂಗಿದರೆ ಓಡಿಹೋಗಿ ನೀರು ತರ್ತಾನೆ.”

“ನೀರು ಅಂದರೆ?”

“ನೀರು ಅಂದರೆ ಇನ್ನೂ ಇಲ್ಲ.”

ಗೌಡ್ರು ನಗಲಿಲ್ಲ.

“ಆಮೇಲೆ ಅವನು ಅಕ್ಷರ ಹೇಳಿಸಿಕೊಳ್ಳೋಕೆ ಶುರು ಮಾಡಿದ. ಅವನ ಕಪಾಟಿಗೆ ನಿಞೊ ಅಂತ ಅಂಟಿಸಿದ್ದೆ. ಅಂದರೆ ಹುಡುಗ. ಅಮ್ಮ ಅದರ ಮುಂದೆ ನಿಂತೇಬಿಟ್ಟಳು. ಞ! ಒಂದನೇ ಇಯತ್ತೆಯಾಗ ತಿದ್ದಿದ್ದೆ, ಅದಾದ ಮ್ಯಾಲೆ ಒಂದ್ ದಿನಾನೂ ಇದನ್ನ ಒಂಟಿಯಾಗಿ ಕಂಡಿದ್ದಿಲ್ಲ ನೋಡು ಅಂದಳು. ಎಪ್ಪತ್ತು ವರ್ಷ ಆದಮೇಲೆ ಅದಕ್ಕೂ ಒಂದು ಕೆಲಸ ಸಿಕ್ತು. ಸ್ಲೇಟು ಎಲ್ಲಿಂದಲೋ ತರಿಸಿದ್ದಾಳೆ.”

ಘಾಟ್ಕೋಪರ್ ಹೋಯಿತು, ಕುರ್ಲಾ ಹೋಯಿತು. ಗುರು ಹೇಳುತ್ತಲೇ ಇದ್ದ. ವಿಜಯಾ ನಿನ್ನೆ ಕೊನೆಯ ಮಾತು ಹೇಳಿದಳಂತೆ. ಅಣ್ಣ ಮತ್ತೆ ಬರುತ್ತಾನೆ, ಅಷ್ಟರೊಳಗೆ ಒಂದು ಚೀಟಿ ಕಂಡರೂ ನಾನು ಹುಬ್ಬಳ್ಳಿಗೆ ಅಂತ. ರಾತ್ರಿ ಊಟ ಮುಗಿಸಿ ಗುರು ಒಂದೊಂದಾಗಿ ಕೀಳಲು ಕೂತ. ಲಾ ಸಾಲಾ ಹೋಯಿತು. ಲಾ ಕಾಮಾ ಬಣ್ಣದ ಸಮೇತ ಬಂತು. ಉಪ್ಪಿನ ಡಬ್ಬ, ಫ್ರಿಜ್ಜು, ಕಿಟಕಿ ಎಲ್ಲ ಆಯಿತು.

“ಕೊನೆಗೆ ಬಾಲ್ಕನಿ ಹತ್ತಿರ ಅಮ್ಮನ ಕುರ್ಚಿ. ಅದರ ಬೆನ್ನಿಗೆ ಒಂದು ಚೀಟಿ. ನಾನು ಬರೆದಿದ್ದಲ್ಲ. ಲಾ ಅಬುಎಲಾ ಅಂತ. ಬ ಉಲ್ಟಾ ತಿರುಗಿತ್ತು. ಲಾ ಅಂದರೆ ಒಂದು ಕಡೆ ಸಣ್ಣದು, ಒಂದು ಕಡೆ ಗೋಡೆಯಷ್ಟು.”

“ಅಂದರೆ?” ಎಂದ ಪಾಟೀಲ.

“ಅಜ್ಜಿ.”

“ಕಿತ್ತೆಯಾ?”

“ಕೈ ಹಾಕಿದೆ. ಅಮ್ಮ ನಿದ್ದೆ ಮಾಡ್ತಿದಾಳೆ ಅಂದುಕೊಂಡಿದ್ದೆ. ಕತ್ತಲಲ್ಲೇ, ಅದನ್ನ ಮುಟ್ಟಬ್ಯಾಡ ಗುರ‍್ಯಾ ಅಂದಳು.”

ಪುಢೀಲ್ ಸ್ಟೇಷನ್ ದಾದರ್ ಎಂದಿತು ಸ್ಪೀಕರು. ಗೌಡ್ರು ಇಳಿಯುವುದು ಅಲ್ಲೇ. ಎದ್ದು, ಗುರುವಿನ ಹೆಗಲು ಹಿಡಿದು ಫೋರ್ತ್ ಸೀಟಿಗೆ ಕೂರಿಸಿದರು. ಬಾಗಿಲಿನ ಗುಂಪಿನೊಳಗೆ ಸೇರಿಕೊಂಡು ಅಲ್ಲಿಂದ ತಿರುಗಿ ಕೂಗಿದರು, “ಆ ಅಕ್ಷರ ಇನ್ನೊಂದ್ ಸಲ ಹೇಳು!”

“ನಿಞೊ!”

ಗೌಡ್ರು ಬಾಯಿ ತೆರೆದರು. ನಿ ತನಕ ನಮಗೆ ಕೇಳಿಸಿತು. ಉಳಿದದ್ದನ್ನು ಹಿಂದಿನವರು ಅವರ ಸಮೇತ ಪ್ಲಾಟ್‌ಫಾರ್ಮಿಗೆ ನೂಕಿದರು.