ಅಪ್‌ಡೇಟ್: ಕೈಯಲ್ಲಿ ಕ್ಯೂ ಇದೆ, ಯು ಇಲ್ಲ

ಅಕ್ಷರದ ಬಿಲ್ಲೆಗಳಿಂದ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಯು ಇಲ್ಲದೆ ಕ್ಯೂ ಬಳಸುವ ಪದಗಳನ್ನು ಪದಪಟ್ಟಿಯಿಂದ ಹೆಕ್ಕುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ, ಈಗ ಸರಿಹೋಗಿದೆ.

ತಪ್ಪಿದ್ದು ನನ್ನ ಹುಡುಕಾಟದ ನಮೂನೆಯಲ್ಲಿ. 'ಕ್ಯೂ, ಅದರ ಮುಂದೆ ಯು ಅಲ್ಲದ ಒಂದು ಅಕ್ಷರ' ಎಂದು ಕೊಟ್ಟರೆ ಕ್ಯೂನಲ್ಲೇ ಮುಗಿಯುವ ಪದಗಳು ಬಿಟ್ಟುಹೋಗುತ್ತವೆ. ಟಿ-ಆರ್-ಎ-ಎನ್-ಕ್ಯೂ ಸಿಗದಿದ್ದುದು ಇದಕ್ಕೇ. ಮುಂದೆ ಅಕ್ಷರವೇ ಇಲ್ಲವಲ್ಲ! ಎರಡು ಹಂತ ಮಾಡಿ: ಗ್ರೆಪ್‌ನಿಂದ (ಕಡತದಲ್ಲಿ ಬೇಕಾದ ಸಾಲು ಹುಡುಕುವ ಕಂಪ್ಯೂಟರ್ ಆಜ್ಞೆ) ಮೊದಲು ಕ್ಯೂ ಇರುವ ಸಾಲುಗಳನ್ನು ತೆಗೆಯಿರಿ, ಆಮೇಲೆ ಅದರಲ್ಲಿ ಯು ಇರುವುದನ್ನು ಕಳೆಯಿರಿ. ಪಟ್ಟಿ ದೊಡ್ಡಕ್ಷರದಲ್ಲಿದ್ದು ಸಣ್ಣಕ್ಷರದಲ್ಲಿ ಹುಡುಕಿದರೆ ಒಂದೂ ಬರುವುದಿಲ್ಲ. ಲಿನಕ್ಸ್‌ನ ಸಾಮಾನ್ಯ ಪದಪಟ್ಟಿಯೂ ಬೇಡ, ಇರಾಕ್, ಕತಾರ್‌ನಂಥ ಅಂಕಿತನಾಮಗಳು ಆಟದಲ್ಲಿ ನಡೆಯುವುದಿಲ್ಲ.

ಸಿಕ್ಕಿದ್ದರಲ್ಲಿ ಫಕೀರ ನಮ್ಮವನೇ: ಎಫ್-ಎ-ಕ್ಯೂ-ಐ-ಆರ್. ನ್ಯಾಯ ಹೇಳುವ ಖಾಜಿ ಕ್ಯೂ-ಎ-ಡಿ-ಐ. ಆದರೆ ಮೊದಲು ಕಲಿಯಬೇಕಾದ್ದು ಎರಡೇ ಅಕ್ಷರದ ಕ್ಯೂ-ಐ, ಚೀನೀಯರು ಹೇಳುವ ಪ್ರಾಣಶಕ್ತಿ. ಕ್ಯೂಗೆ 10, ಐಗೆ 1. ಕ್ಯೂ ಟ್ರಿಪಲ್ ಲೆಟರ್ ಚೌಕದಲ್ಲಿ (ಅಕ್ಷರದ ಅಂಕ ಮೂರು ಪಟ್ಟಾಗುವ ಮನೆ) ಕೂತು ಅಡ್ಡಕ್ಕೂ ಕೆಳಕ್ಕೂ ಕ್ಯೂ-ಐ ಆದರೆ 31 ಮತ್ತು 31, ಒಟ್ಟು 62 ಅಂಕ. ಹಾಗಾಗಿ ಬೋರ್ಡಿನ ಮೇಲೆ ಟ್ರಿಪಲ್ ಲೆಟರ್ ಪಕ್ಕ ಒಂಟಿ ಐ ಕಂಡರೆ ಅದರ ಮೇಲೊಂದು ಕಣ್ಣಿರಲಿ.